ಬದುವಿನ ಹೂಗಳು

ವಸಂತವೇ ಹೂವಿನ ಕಾಲವೆಂಬುದು ರೂಢಿಯ ಮಾತು. ಮರಗಳ ಮಟ್ಟಿಗೆ ಅದು ನಿಜ. ಚೈತ್ರದ ಹೊತ್ತಿಗೆ ಹಾಸನದ ಸುತ್ತಿನ ಊರುಗಳಲ್ಲಿ ಹೊಂಗೆಯ ಅಡಿಯಲ್ಲೆಲ್ಲ ಹೂ ಉದುರಿರುತ್ತದೆ. ಆದರೆ ಅದೇ ದಿನಗಳಲ್ಲಿ ಚನ್ನರಾಯಪಟ್ಟಣದ ಕಡೆಯ ಬೆದ್ದಲು ಹೊಲದ ಬದುವಿನ ಮೇಲೆ ಕಾಣುವುದು ಒಣಹುಲ್ಲು ಮಾತ್ರ. ನೆಲದ ಹೂಗಳಿಗೆ ಇಲ್ಲಿ ವಸಂತ ಬರುವುದು ಭಾದ್ರಪದದಲ್ಲಿ!

ಇದಕ್ಕೆ ಕಾರಣ ಮಳೆ. ಮೆಡಿಟರೇನಿಯನ್ ಸಮುದ್ರದ ಸುತ್ತಣ ದೇಶಗಳಲ್ಲಿಯೂ ಅಂಥದೇ ಹವೆಯುಳ್ಳ ಕ್ಯಾಲಿಫೋರ್ನಿಯದಲ್ಲಿಯೂ ಮಳೆಯಾಗುವುದು ಚಳಿಗಾಲದಲ್ಲಿ. ಆ ತೇವದಲ್ಲಿ ಮೊಳೆತ ಬೀಜಗಳು ಚಳಿ ಇಳಿದೊಡನೆ ಹೂವಾಗುತ್ತವೆ. ಅದನ್ನು ನೋಡಲು ಜನರು ದೂರದಿಂದ ಬರುತ್ತಾರೆ. ಹಾಸನದ ಸೀಮೆಯಲ್ಲಿ ಮಳೆ ಬೀಳುವುದು ಮುಂಗಾರು ಹಿಂಗಾರುಗಳಲ್ಲಿ. ಆದ್ದರಿಂದ ಹೂವಿನ ಕಾಲವೂ ಗೌರಿ ಹಬ್ಬದಿಂದ ರಾಗಿಯ ಕೊಯ್ಲಿನವರೆಗೆ ಹರಡಿಕೊಂಡಿದೆ. ಇದನ್ನು ನೋಡಲು ಯಾರೂ ಬರುವುದಿಲ್ಲ ಎಂಬುದೊಂದೇ ವ್ಯತ್ಯಾಸ.

ಗೌರಿ ಹೂವಿಗೆ ಆ ಹೆಸರು ಸುಮ್ಮನೆ ಬಂದುದಲ್ಲ. ಹಬ್ಬದ ಹೊತ್ತಿಗೆ ಬೇಲಿಯ ಮೇಲೆ ಅದು ಅರಳುತ್ತದೆ. ಎಲೆಯ ತುದಿಯನ್ನೇ ಕೈಯಾಗಿಸಿಕೊಂಡು ಬಳ್ಳಿ ಮೇಲೇರುತ್ತದೆ. ಎಸಳುಗಳು ಮೊದಲು ಹಳದಿಯಾಗಿದ್ದು ದಿನಗಳೆದಂತೆ ಕೆಂಪಾಗುತ್ತವೆ. ನೋಡಲು ಚೆಲುವು, ಬಾಯಿಗೆ ವಿಷ. ಅದರ ಗೆಡ್ಡೆ ಪ್ರಾಣಕ್ಕೇ ಅಪಾಯಕರ. ಬದುವಿನ ಮೇಲೆ ಬಿಳಿಯ ತುಂಬೆ, ಹುಲ್ಲಿನ ನಡುವೆ ನೀಲಿಯ ವಿಷ್ಣುಕ್ರಾಂತಿ, ಬರಡು ನೆಲದಲ್ಲಿ ಹಳದಿಯ ತಂಗಡಿ. ರಾಗಿಯ ಸಾಲುಗಳ ನಡುವೆ ಅಣ್ಣೆಯ ಬೆಳ್ಳಿಗೆಂಪಿನ ತೆನೆಗಳು. ಈ ಅಣ್ಣೆಯ ಪಾಡು ವಿಚಿತ್ರವಾದುದು. ಕಳೆಯೆಂದು ಒಕ್ಕಲಿಗನು ಕಿತ್ತೆಸೆದುದನ್ನೇ ಎಳೆಯದಾಗಿದ್ದಾಗ ಮನೆಯಾಕೆ ಬೆರಕೆ ಸೊಪ್ಪಿನ ಸಾರಿಗೆ ಆಯ್ದು ತರುತ್ತಾಳೆ.

ಈ ಗಿಡಗಳಿಗೆ ವಿದ್ವಾಂಸರು ಮರ್ಯಾದೆ ತೋರದೆ ಇಲ್ಲ. ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನ ಫಾದರ್ ಸೆಸಿಲ್ ಸಲ್ಡಾನ ಹಾಗೂ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡಾನ್ ನಿಕಲ್ಸನ್ ಅವರು ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಗಳ ದೊಡ್ಡ ಗ್ರಂಥ 1976ರಲ್ಲಿ ಪ್ರಕಟವಾಯಿತು. ಘಟ್ಟದ ಮಳೆಕಾಡಿನಿಂದ ಬಯಲುಸೀಮೆಯ ಹೊಲದವರೆಗೆ ಹಬ್ಬಿದ ಜಿಲ್ಲೆಯಿದು. ಆ ಗ್ರಂಥದಲ್ಲಿ ಕಾಡಿನ ಹೆಮ್ಮರಕ್ಕೆ ಇರುವಂತೆಯೇ ಬದುವಿನ ತುಂಬೆಗೂ ಸ್ಥಾನವಿದೆ.

ಪುಸ್ತಕದಲ್ಲಿ ದೊರೆತ ಸ್ಥಾನ ನೆಲದ ಮೇಲೆ ಉಳಿಯುತ್ತಿಲ್ಲ. ಗೊರೂರಿನಲ್ಲಿ ಹೇಮಾವತಿಯ ಅಣೆಕಟ್ಟು 1979ರಲ್ಲಿ ಪೂರ್ಣವಾದ ಮೇಲೆ ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಅನೇಕ ಹೊಲಗಳಿಗೆ ನಾಲೆಯ ನೀರು ಬಂದಿತು. ನೀರು ಬಂದಲ್ಲಿ ಮೊಳದಗಲದ ಬದುವಿಗೂ ಬೆಲೆ ಬರುವುದು ಸಹಜ. ಅದಕ್ಕೆ ಯಾರನ್ನೂ ದೂರಲಾಗದು. ಕಳೆನಾಶಕದ ಮಾತು ಬೇರೆ. ಆಳು ಸಿಗದು, ಕೂಲಿ ದುಬಾರಿ, ಪೊದೆಯಲ್ಲಿ ಹಾವಿನ ಭಯ ಎಂಬ ರೈತನ ಮಾತುಗಳು ಸುಳ್ಳಲ್ಲ. ಪೈರಿನ ನಡುವಣ ಕಳೆಯನ್ನು ಅವನು ತೆಗೆಯಲೇಬೇಕು. ಆದರೆ ಪೈರೇ ಇಲ್ಲದ ಬದುವಿಗೂ ಔಷಧಿ ಸಿಂಪಡಿಸಿ ಅದನ್ನು ಕಂದುಗಟ್ಟಿಸುವುದು ಲಾಭದ ಲೆಕ್ಕದಲ್ಲಿಯೂ ತಪ್ಪು.

ರಾಗಿಯ ಹೊಲದ ಅಕ್ಕಡಿ ಸಾಲಿನ ಹುಚ್ಚೆಳ್ಳನ್ನು ನೋಡಬಹುದು. ಒಂದು ಗಿಡದ ಪರಾಗ ಇನ್ನೊಂದಕ್ಕೆ ಮುಟ್ಟಿದಲ್ಲದೆ ಅದು ಚೆನ್ನಾಗಿ ಕಾಳು ಕಟ್ಟದು. ಆ ಕೆಲಸ ಜೇನುನೊಣದ್ದು. ಹುಚ್ಚೆಳ್ಳಿನ ಹೂವಾದರೋ ಕೆಲವು ವಾರಗಳ ಮಾತು. ಅದಕ್ಕೆ ಮೊದಲೂ ಅನಂತರವೂ ನೊಣ ಬದುಕಬೇಕಲ್ಲ! ಆಗ ಅದಕ್ಕೆ ಆಹಾರ ಒದಗಿಸುವವು ತುಂಬೆಯಂಥ ಹೂಗಳೇ. ತುಂಬೆ, ಅಣ್ಣೆಗಳ ಬಾಳು ಒಂದೇ ವರ್ಷದ್ದು. ಬೇಸಗೆಯನ್ನು ಅವು ದಾಟುವುದು ಬೀಜವಾಗಿ. ಒಂದು ವರ್ಷ ಬೀಜ ಬೀಳದಿದ್ದರೆ ನೆಲದೊಳಗಿನ ಹಳೆಯ ಗಂಟು ಕಾಪಾಡೀತು. ವರ್ಷವರ್ಷವೂ ಹೀಗೇ ಆದರೆ ಆ ಗಂಟೂ ಕರಗುತ್ತದೆ.

ಬದುವನ್ನು ಸವರಲೇಬೇಕಾದರೆ ರಾಗಿಯ ಕೊಯ್ಲಿನ ತನಕ ಕಾದು ಕುಡುಗೋಲಿನಿಂದ ಸವರಿದರಾಯಿತು. ಅಷ್ಟರಲ್ಲಿ ಬಹುಪಾಲು ಬೀಜ ನೆಲ ಸೇರಿರುತ್ತದೆ. ಅಮೆರಿಕದಿಂದ ಬಂದು ಊರೂರನ್ನು ಹೊಕ್ಕಿರುವ ಪಾರ್ಥೇನಿಯಂಗೆ ಮಾತ್ರ ಈ ರಿಯಾಯಿತಿ ಸಲ್ಲದು. ಹೂ ಬಿಡುವ ಮುನ್ನವೇ ಅದನ್ನು ಬೇರುಸಹಿತ ಕೀಳಬೇಕು.