ಕೆರಿ ದಂಡಿ ಆರಿಸೋದು ಕ್ಯಾಮೆರಾದಿಂದಲ್ಲ, ಅಜ್ಜಿ ಕಾಲಿಂದ

1/8

ಡಿಸೆಂಬರ್ ಬಂತಂದ್ರ ಎಲ್ಲರ ಸ್ಟೋರಿಯಾಗೂ ಒಂದೇ ಫೋಟೋ. ನೀರು, ನೀರಿಗೆ ಹತ್ತಿದ ಟೆಂಟು, ಮುಂದ ಬೆಂಕಿ, ಹಿಂದ ಯಾರದೋ ಕ್ಯಾಂಪರ್ ವ್ಯಾನು. ನಮ್ಮ ಕ್ಲಾಸ್ ಗ್ರೂಪಿನಾಗೂ ಪೋಲ್ ಹಾಕ್ಯಾರ: ಪುಣೆ ಕಡೆ ಪವನಾ ಲೇಕ್, ಇಲ್ಲಾ ನಮ್ಮ ಮಮದಾಪುರ ಕೆರಿ. ಪೋಲ್ ಕೆಳಗ ಒಂದು ಮಾತು: "ಹುಡುಗ್ರು ಅಷ್ಟೇ ಹೋಗೂಣು. ಮನಿ ಮಂದಿ, ಹುಡುಗ್ಯಾರು ಬಂದ್ರ ತ್ರಾಸ." ಅದಕ್ಕ ಸಾಲಾಗಿ ಥಂಬ್ಸ್ ಅಪ್.

ಈ ಸರಣಿ ಆ ಒಂದು ಮಾತಿನ ವಿರುದ್ಧ. ತ್ರಾಸ ಹುಡುಗ್ಯಾರದಲ್ಲ, ನೀವು ಆರಿಸಿದ ಜಾಗದ್ದು. ಅಜ್ಜಿ, ಅವ್ವ, ತಂಗಿ, ಮೂರು ವರ್ಷದ ಕೂಸು ಒಂದು ರಾತ್ರಿ ಇರಾಕ ಬಾರದ ದಂಡಿಗೆ ಕ್ಯಾಂಪಿಂಗ್ ಜಾಗ ಅನ್ನಬ್ಯಾಡ್ರಿ. ಅದು ಬರೇ ಫೋಟೋ ತೆಗೆಯೋ ಜಾಗ.

2/8

"ಕ್ಯಾರವಾನ್ ಟ್ರಿಪ್ ಅಂದ್ರ ಫಾರಿನ್ ಮಂದಿ ಶೋಕಿ" ಅಂತ ಮನ್ಯಾಗ ಅಂತಾರಲ್ಲ, ಅವರಿಗೆ ಕೊಲ್ಲಾರಿ ಬಂಡಿ ನೆನಪು ಮಾಡ್ರಿ. ಮೇಲೆ ಮುಚ್ಚಿಗಿ, ಒಳಗ ಹಾಸಿಗಿ, ಹಿಂದ ಹೊಟ್ಟು, ಮೇವು. ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಮನಿ ಮಂದಿಯೆಲ್ಲ ಹಾದಿಯಲ್ಲಿ ಬಿಡಾರ ಹೂಡುತ್ತಾ ಹೋಗುತ್ತಿದ್ದರು. ಎಳ್ಳಮವಾಸಿಗೆ ಇವತ್ತೂ ಹೊಲಕ್ಕ ಹೋಗಿ ಚರಗ ಚೆಲ್ಲಿ ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹೋಳಿಗಿ ಉಣ್ಣತೀವಿ. ಸಂಕ್ರಾಂತಿಗೆ ಬುತ್ತಿ ಕಟ್ಟಿಕೊಂಡು ಕೃಷ್ಣಾ ನದಿಗೆ ಹೋಗತೀವಿ.

ಆ ಬಂಡಿ ಎಲ್ಲಿ ನಿಲ್ಲುತ್ತಿತ್ತು? ಎತ್ತಿಗೆ ನೀರು, ಗಾಲಿಗೆ ಗಟ್ಟಿ ನೆಲ, ಬೇಸಿಗಿಯಾದ್ರ ನೆರಳು, ಹೆಣ್ಮಕ್ಕಳಿಗೆ ಮರಿ. ಇವಿಷ್ಟು ಇದ್ದಲ್ಲಿ. ನೋಟ ಚಂದ ಐತೇನು ಅಂತ ಯಾರೂ ಮೊದಲು ಕೇಳುತ್ತಿರಲಿಲ್ಲ. ನಾವು ಈಗ ಅದೊಂದನ್ನೇ ಕೇಳ್ತೀವಿ.

3/8

ಮೊದಲ ಪ್ರಶ್ನೆ: ಈ ನೀರು ಯಾರದು?

ಮಮದಾಪುರ ಕೆರೆ ಮುಹಮ್ಮದ ಆದಿಲ್ ಶಾಹನ (1627–1656) ಕಾಲದ್ದು. ಗೋಳಗುಮ್ಮಟದಾಗ ಮಲಗಿದವನು ಅವನೇ, ಊರಿನ ಹೆಸರೂ ಅವನದೇ. ವಿಜಯಪುರದ ಬೇಗಂ ತಲಾಬ್ ಕೂಡ ಅವನು 1651ರಲ್ಲಿ ಕಟ್ಟಿಸಿದ್ದು. ಅಲ್ಲಿಂದ ನೆಲದೊಳಗಿನ ಮಣ್ಣಿನ ಕೊಳವೆಗಳಲ್ಲಿ ಊರಿಗೆ ಕುಡಿಯುವ ನೀರು ಹೋಗುತ್ತಿತ್ತು. ಇವು ಮೋಜಿಗೆ ತೋಡಿದ ಕೊಳಗಳಲ್ಲ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳೋ ನಾಡಿನಲ್ಲಿ ಜೀವ ಉಳಿಸಿಕೊಳ್ಳಾಕ ಕಟ್ಟಿದವು.

ಈಗ ಈ ಭಾಗದ ಎಷ್ಟೋ ಕೆರೆ ತುಂಬೋದು ಮಳೆಯಿಂದಷ್ಟೇ ಅಲ್ಲ. ಮುಳವಾಡ, ತುಬಚಿ-ಬಬಲೇಶ್ವರದಂಥ ಏತ ನೀರಾವರಿ ಯೋಜನೆಗಳು ಕೃಷ್ಣೆಯ ನೀರನ್ನು ಪಂಪ್ ಹಚ್ಚಿ ಮೇಲೆತ್ತತಾವ. ಅಂದ್ರ ನೀವು ಬಿಯರ್ ಬಾಟಲಿ ಎಸೆಯೋ ನೀರು ಕರೆಂಟು ಸುಟ್ಟು ಎತ್ತಿದ ನೀರು. ಅದನ್ನ ನಂಬಿ ಸುತ್ತಲಿನ ಬಾವಿ, ಬೋರು ಅದಾವ, ದನ ಅದಾವ, ಮೀನು ಹಿಡಿಯೋರ ಬಲಿ ಅದಾವ. "ಖಾಲಿ ಜಾಗ ಸಿಕ್ತು" ಅಂತ ಬರೀಬ್ಯಾಡ್ರಿ. ಅದು ಖಾಲಿ ಇಲ್ಲ. ನೀವು ಹೋದ ಹೊತ್ತಿನಾಗ ಮಂದಿ ಮನಿಗೆ ಹೋಗಿದ್ರು, ಅಷ್ಟೇ.

4/8

ಎರಡನೇ ಪ್ರಶ್ನೆ: ನೀರು ಎಲ್ಲಿತನಕ ಬರತೈತಿ?

ಪಂಪಿನಿಂದ ತುಂಬೋ ಕೆರೆ ಮಳೆ ಇಲ್ಲದೆಯೂ ಏರತೈತಿ. ಆಲಮಟ್ಟಿಯದಂತೂ ಬೇರೆ ಲೆಕ್ಕ. ಕೃಷ್ಣೆ ಹುಟ್ಟೋದು ಮಹಾಬಳೇಶ್ವರದಲ್ಲಿ. ಅಲ್ಲಿ ಮಳೆ ಜಡಿದರೆ ಇಲ್ಲಿ ಬಿಸಿಲಿದ್ದರೂ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರಕ್ಕೆ ನೀರು ನುಗ್ಗತೈತಿ. ಅದರ ಪೂರ್ಣ ಮಟ್ಟ 519.60 ಮೀಟರ್. ಮೇ ತಿಂಗಳಲ್ಲಿ ನೀವು ಕಂಡ ಅಗಲವಾದ ದಂಡಿ ಆಗಸ್ಟಿನಲ್ಲಿ ನೀರಿನ ತಳ.

ಅದಕ್ಕ ಕಲ್ಲು, ಗಿಡದ ಬೊಡ್ಡಿ ಮೇಲೆ ಹಳೇ ನೀರಿನ ಗುರುತು ಹುಡುಕ್ರಿ. ಟೆಂಟು ಆ ಗುರುತಿಗಿಂತ ಮೇಲಿರಲಿ. ಕೋಡಿ ಹರಿಯೋ ಹಾದಿಯಲ್ಲಿ ಎಂದೂ ಬ್ಯಾಡ.

ಇನ್ನೊಂದು ಸಂಗತಿ ರೀಲಿನಾಗ ಕಾಣೋದಿಲ್ಲ. ಬೇಸಿಗಿಯಾಗ ಕೆರಿ ಒಣಗಿದಾಗ ಹೂಳು, ಮಣ್ಣು ತೆಗೆದು ಹೊಲಕ್ಕೆ ಒಯ್ತಾರ. ಅಲ್ಲಿ ತಗ್ಗು ಉಳೀತಾವ. ನೀರು ತುಂಬಿದ ಮೇಲೆ ಮೊಣಕಾಲುದ್ದ ಅಂತ ಕಾಣೋದು ಮುಂದಿನ ಹೆಜ್ಜೆಗೆ ಆಳು ಮುಳುಗೋವಷ್ಟು ಆಗಿರತೈತಿ. ಈಜು ಬರೋರೂ ಹಿಂಗ ಹೋಗ್ಯಾರ. ಊರಿನ ದನಗಾಹಿ ಕಾಕಾನ್ನ ಕೇಳದೆ ಯಾರೂ ನೀರಿಗೆ ಇಳೀಬ್ಯಾಡ್ರಿ.

5/8

ಮೂರನೇ ಪ್ರಶ್ನೆ: ನೆಲ ಎಂಥಾದ್ದು?

ನಮ್ಮದು ಎರಿ ಭೂಮಿ. ಒಣಗಿದಾಗ ಕಲ್ಲಿನಂಗ, ಒಂದು ಮಳಿ ಬಿದ್ರ ಹಿಟ್ಟಿನ ಮುದ್ದಿ. ಬೈಕೇ ಗಾಲಿಗೆ ಮಣ್ಣು ಕಟ್ಟಿ ನಿಲ್ಲತೈತಿ. ಅಂಥದ್ರಾಗ ಟೆಂಪೋ ಟ್ರಾವೆಲರನ್ನ ಕ್ಯಾರವಾನ್ ಮಾಡಿಸಿ, ಒಳಗ ನೀರಿನ ಟಾಕಿ, ಗ್ಯಾಸ್, ಬ್ಯಾಟರಿ, ಎಂಟು ಮಂದಿ ತುಂಬಿ ದಂಡಿಗೆ ಇಳಿಸಿದ್ರ ಟ್ರ್ಯಾಕ್ಟರ್ ಕರೆಸಬೇಕು. ಗರಸು ನೆಲ ಆರಿಸ್ರಿ, ಸ್ವಲ್ಪ ಎತ್ತರದ್ದು, ಡಾಂಬರು ರಸ್ತೆಗೆ ಹತ್ತಿರದ್ದು. ರಾತ್ರಿ ಕೂಸಿಗೆ ಜ್ವರ ಬಂದ್ರ ಗಾಡಿ ತಿರುಗಿಸಿ ಹೊರಡಾಕ ಬರಬೇಕು.

ಕೆರಿ ಒಡ್ಡಿನ ಮೇಲೆ ಗಾಡಿ ನಿಲ್ಲಿಸಬ್ಯಾಡ್ರಿ. ಫೋಟೋಕ್ಕ ಅದೇ ಚಂದ, ಖರೆ. ಆದ್ರ ಅದು ನೀರು ಹಿಡಿದ ಗ್ವಾಡಿ, ಪಾರ್ಕಿಂಗ್ ಅಲ್ಲ.

ಬೆಂಕಿ ಮಾತು: ಡಿಸೆಂಬರ್, ಜನವರಿಯಾಗ ಸುತ್ತ ಬಿಳಿಜೋಳ ನಿಂತಿರತೈತಿ, ಆಮ್ಯಾಲೆ ಕಣಿಕಿ ಬಣವಿ. ಗಾಳಿಗೆ ಹಾರಿದ ಒಂದು ಕಿಡಿ ರೈತನ ವರ್ಷದ ಮೇವು ತಿನ್ನತೈತಿ. ಚಳಿ ಅಂತ ಕೆಂಡ ತಂದು ಟೆಂಟಿನಾಗ, ಗಾಡಿಯಾಗ ಇಟ್ಟು ಮಲಗಬ್ಯಾಡ್ರಿ. ಆ ಅನಿಲಕ್ಕ ವಾಸನಿ ಇಲ್ಲ, ನಿದ್ದಿಯಾಗೇ ಜೀವ ತಗೀತೈತಿ.

6/8

ನಾಲ್ಕನೇ ಪ್ರಶ್ನೆ, ಯಾರೂ ಪೋಲ್ ಹಾಕದ ಪ್ರಶ್ನೆ: ಸಂಡಾಸ ಎಲ್ಲಿ?

ಹುಡುಗರೇ, ನಿಮಗ ಗಿಡದ ಮರಿ ಸಾಕು. ನಿಮ್ಮ ಕ್ಲಾಸಿನ ಹುಡುಗಿ ಟ್ರಿಪ್ಪಿನ ಹಿಂದಿನ ಮಧ್ಯಾಹ್ನದಿಂದಲೇ ನೀರು ಕುಡಿಯೋದು ಬಿಡತಾಳ. ಮುಟ್ಟಿನ ದಿನ ಇದ್ರ "ಆರಾಮಿಲ್ಲ" ಅಂತ ಮೆಸೇಜ್ ಹಾಕತಾಳ. ಮಂಡಿ ನೋವಿನ ಅಜ್ಜಿ ಕತ್ತಲಾಗ ಟಾರ್ಚ್ ಹಿಡಿದು ಜಾಲಿ ಮುಳ್ಳಿನಾಗ ಕೂಡಬೇಕು. ಅವರು ಬರದಿದ್ರ ನೀವು "ಅವರಿಗೆ ಇಂಟ್ರೆಸ್ಟ್ ಇಲ್ಲ" ಅಂತೀರಿ. ಇಂಟ್ರೆಸ್ಟ್ ಐತಿ, ಕದ ಇರೋ ಒಂದು ಖೋಲಿ ಇಲ್ಲ.

"ಕ್ಯಾರವಾನಿನಾಗ ಟಾಯ್ಲೆಟ್ ಇರತೈತಿ" ಅಂತೀರಾ? ಇರಲಿ. ಅದರ ಟಾಕಿ ಮುಂಜಾನೆ ಎಲ್ಲಿ ಖಾಲಿ ಮಾಡ್ತೀರಿ? ಪಾತ್ರೆ ತೊಳೆದ ಸೋಪಿನ ನೀರು ಎಲ್ಲಿ ಬಿಡ್ತೀರಿ? ಉತ್ತರ "ಅಲ್ಲೇ" ಆಗಿದ್ರ ನೀವು ಕೆರಿ ನೋಡಾಕ ಬಂದಿಲ್ಲ, ಕೆಡಸಾಕ ಬಂದೀರಿ. ಕೆರೆಗಳ ರಕ್ಷಣೆಗೆ ಕರ್ನಾಟಕದಲ್ಲಿ 2014ರ ಕಾಯ್ದೆಯೇ ಇದೆ, ಕೆರೆಗೆ ಕಸ, ಕೊಳಚೆ ಸೇರಿಸೋದು ಅಪರಾಧ. ಪವನಾಕ್ಕೂ ಇದೇ ಮಾತು. ಅದು ಪಿಂಪ್ರಿ-ಚಿಂಚವಾಡದ ಮಂದಿ ಕುಡಿಯೋ ನೀರು.

7/8

"ಇಷ್ಟೆಲ್ಲ ನೋಡಿದ್ರ ಎಲ್ಲೂ ಹೋಗಾಕ ಆಗೂದಿಲ್ಲ ಬಿಡಪ್ಪ" ಅಂತ ಕಾಮೆಂಟ್ ಬರತೈತಿ, ಗೊತ್ತು. ಹೋಗಾಕ ಆಗತೈತಿ. ನಾಲ್ಕು ಪ್ರಶ್ನೆಗೂ ಉತ್ತರ ಸಿಗದ ದಂಡಿಗೆ ಹಗಲಿಗೆ ಹೋಗ್ರಿ, ಬುತ್ತಿ ಉಂಡು, ಕಸ ಚೀಲದಾಗ ತುಂಬಿಕೊಂಡು, ಹೊತ್ತು ಮುಳುಗೋದ್ರಾಗ ಬರ್ರಿ. ರಾತ್ರಿ ಇರಬೇಕಂದ್ರ ನೀರಿಂದ ದೂರ, ಪರಿಚಯದವರ ತೋಟದ ಮನಿ ಅಂಗಳದಾಗ ಕೇಳಿ ಟೆಂಟು ಹಾಕ್ರಿ. ಸಂಡಾಸ, ನಲ್ಲಿ, ದೀಪ ಎಲ್ಲ ಸಿಗತಾವ. ಸೂರ್ಯ ಅಲ್ಲಿಂದಲೂ ಹುಟ್ಟತಾನ.

ಕೆಲವು ಕೆರೆಗಳನ್ನ ಪೂರಾ ಬಿಟ್ಟುಬಿಡಬೇಕು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಬಾತುಗಳು ಬರ್ತಾವ. 2024ರಲ್ಲಿ ಅದು ರಾಮ್ಸಾರ್ ತಾಣ ಆಗೇತಿ. ಅಂಥಲ್ಲಿ ನಿಮ್ಮ ಬ್ಲೂಟೂತ್ ಸ್ಪೀಕರಿಗೆ ಜಾಗ ಇಲ್ಲ.

"ಹಂಗಾದ್ರ ಇಲ್ಲೊಂದು ರೆಸಾರ್ಟ್ ಆಗಲಿ" ಅನ್ನೋರಿಗೂ ಒಂದು ಮಾತು. ರೆಸಾರ್ಟ್ ಬಂದ್ರ ಮೊದಲು ತಂತಿ ಬೇಲಿ ಬರತೈತಿ, ದನಗಳ ಹಾದಿ ಮುಚ್ಚತೈತಿ. ನಮಗ ಬೇಕಾದದ್ದು ಅಷ್ಟು ದೊಡ್ಡದಲ್ಲ. ನೀರಿಂದ ದೂರ, ಗರಸು ಹಾಕಿದ ಒಂದು ಸಮ ಜಾಗ. ಹೆಣ್ಮಕ್ಕಳಿಗೆ ಬೇರೆ, ಗಂಡ್ಮಕ್ಕಳಿಗೆ ಬೇರೆ ನೀರು ಬರೋ ಸಂಡಾಸ. ಒಂದು ದೀಪ. ಕಸದ ಡಬ್ಬಿ. "ಇಲ್ಲಿ ಆಳ ಐತಿ" ಅನ್ನೋ ಬೋರ್ಡು. ದಿನಾ ಸ್ವಚ್ಛ ಮಾಡೋ ಊರಿನವರಿಗೆ ಪಗಾರ, ಅದಕ್ಕ ನಮ್ಮಿಂದ ಶುಲ್ಕ. ಪವನಾಕ್ಕ ಸುರಿಯೋ ಪೆಟ್ರೋಲಿನ ದುಡ್ಡಿನಾಗ ಈ ಶುಲ್ಕ ಎಷ್ಟು ಸಲ ಕೊಡಬಹುದು, ಲೆಕ್ಕ ಹಾಕ್ರಿ.

8/8

ಸೇವ್ ಮಾಡ್ಕೊಳ್ರಿ:
– ನೀರು ಯಾರದು, ಪಂಚಾಯ್ತಿಯನ್ನ, ಊರವರನ್ನ ಕೇಳಿದೆವಾ?
– ಹಳೇ ನೀರಿನ ಗುರುತು ಎಲ್ಲೈತಿ?
– ಮಳಿ ಬಂದ್ರ ಗಾಡಿ ಹೊರಗ ಬರತೈತಾ?
– ಸಂಡಾಸ ಎಲ್ಲಿ, ಕೊಳಚೆ ಎಲ್ಲಿ?
– ಅಜ್ಜಿ ಬರತಾಳಾ?

ಕೊನೇದ್ದಕ್ಕ "ಇಲ್ಲ" ಅಂದ್ರ ಉಳಿದ ನಾಲ್ಕರಾಗ ಯಾವುದೋ ಒಂದು ತಪ್ಪೇತಿ ಅಂತ ತಿಳೀರಿ.

ಮುಂದಿನ ಗ್ರಾಮಸಭೆಗೆ ನಿಮ್ಮ ನಿಮ್ಮ ಊರಿನಾಗ ಒಂದು ಅರ್ಜಿ ಒಯ್ರಿ: ಕೆರಿ ಹತ್ತಿರ ಒಂದು ಸಂಡಾಸ, ಒಂದು ದೀಪ, ಒಂದು ಬೋರ್ಡು. ಅರ್ಜಿ ಬರಿಯಾಕ ಬರದಿದ್ರ ಡಿಎಂ ಮಾಡ್ರಿ, ಕೂಡಿ ಬರಿಯೂಣು. ಗ್ರೂಪಿನ ಪೋಲಿಗೆ ಇನ್ನೊಂದು ಆಯ್ಕೆ ಸೇರಿಸೀನಿ: "ಎಲ್ಲರೂ ಬರೋ ಜಾಗ." ಥಂಬ್ಸ್ ಅಪ್ ಅಲ್ಲೂ ಒತ್ತಬಹುದು.

#ಬಬಲೇಶ್ವರ #ಮಮದಾಪುರಕೆರಿ #ವಿಜಯಪುರ #ಕೆರಿದಂಡಿ #ಎಲ್ಲರೂಬರೋಜಾಗ