ಕೋಣೆಯೊಳಗಿನ ಹಕ್ಕಿ

ಎಡ್ಗರ್ ಆಲನ್ ಪೋ ಕವಿಯ ‘ದಿ ರೇವನ್’ 1845ರ ಜನವರಿಯಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅದರ 18 ಪದ್ಯಗಳಲ್ಲಿ ನಡೆಯುವುದಾದರೂ ಏನು? ನಡುರಾತ್ರಿ, ಪ್ರಿಯೆಯನ್ನು ಕಳೆದುಕೊಂಡವನ ಕೋಣೆಗೆ ಕರಿಯ ಹಕ್ಕಿಯೊಂದು ಬಂದು ಕೂರುತ್ತದೆ. ಕೇಳಿದ್ದಕ್ಕೆಲ್ಲ ಒಂದೇ ಮಾತನ್ನಾಡುತ್ತದೆ.

ಇದನ್ನು ಚಲಚ್ಚಿತ್ರವಾಗಿಸಹೊರಟವರ ಪಾಡನ್ನು ನೋಡಿ. 1935ರ ಚಿತ್ರದಲ್ಲಿ ಪೋನ ಹುಚ್ಚು ಹಿಡಿದ ಶಸ್ತ್ರವೈದ್ಯನೊಬ್ಬ ನೆಲಮಾಳಿಗೆಯಲ್ಲಿ ಹಿಂಸಾಯಂತ್ರಗಳನ್ನು ಹೂಡುತ್ತಾನೆ. 1963ರಲ್ಲಿ ರೋಜರ್ ಕಾರ್ಮನ್ನನ ಕೈಯಲ್ಲಿ ಹಕ್ಕಿಯು ಮಾಟಕ್ಕೆ ಸಿಕ್ಕ ಮಾಂತ್ರಿಕನಾಯಿತು, ಕವನ ಪ್ರಹಸನವಾಯಿತು. (ನಕ್ಕುಬಿಟ್ಟದ್ದೇ ಹೆಚ್ಚು ಪ್ರಾಮಾಣಿಕವೆಂದು ನನ್ನ ಎಣಿಕೆ.) 2012ರ ಚಿತ್ರವು ಕವಿಯನ್ನೇ ಕೊಲೆಗಾರನ ಬೆನ್ನಟ್ಟಿಸಿತು.

ಚಿತ್ರಗಳನ್ನು ನೋಡಿ ಬಂದ ವಿದ್ಯಾರ್ಥಿಗಳು, ಕವನದಲ್ಲಿ ಭಯವೆಲ್ಲಿದೆಯೆಂದು ನನ್ನನ್ನು ಕೇಳುವುದುಂಟು. ಅದು ಹಕ್ಕಿಯಲ್ಲಿಲ್ಲ. ಉತ್ತರ ಒಂದೇ ಎಂದರಿತ ಮೇಲೂ ಆತ ಪ್ರಶ್ನೆಗಳನ್ನು ಹರಿತಗೊಳಿಸುತ್ತ ಹೋಗುತ್ತಾನೆ. ಸತ್ತವಳನ್ನು ಪರಲೋಕದಲ್ಲಾದರೂ ಕೂಡುವೆನೇ ಎಂದು ಕೊನೆಗೆ ಕೇಳಿಯೇಬಿಡುತ್ತಾನೆ. ತನ್ನನ್ನು ತಾನೇ ಇರಿದುಕೊಳ್ಳುವ ಈ ಬಗೆಯನ್ನು ಯಾವ ನೆಲಮಾಳಿಗೆಯ ಯಂತ್ರ ತೋರಿಸೀತು? ಅದರಲ್ಲಿ ಒಂದು ಸುಖವೂ ಇದೆಯೆಂದು ಪೋ 1846ರ ಪ್ರಬಂಧದಲ್ಲಿ ತಾನೇ ಹೇಳಿದ್ದಾನೆ. ಆ ಪ್ರಬಂಧವನ್ನೋದಿ, ಬಳಿಕ ಕವನವನ್ನೊಮ್ಮೆ ಗಟ್ಟಿಯಾಗಿ ಓದಿರೆಂದಷ್ಟೇ ನಾನವರಿಗೆ ಹೇಳುತ್ತೇನೆ.