ಸೈಟಿಗಿಂತ ಮೊದಲು ಕಂತು ನೋಡಿ

2021ರಲ್ಲಿ ಹೊಸಪೇಟೆ ಜಿಲ್ಲಾ ಕೇಂದ್ರವಾಯಿತು. ‘ಬಳೆ ಅಡವಿಟ್ಟಾದ್ರೂ ಸೈಟು ತಗೊಳ್ಳೋಣ, ದುಪ್ಪಟ್ಟಾಗುತ್ತೆ’ ಅಂತ ನಿಮ್ಮ ಮನೆಯವರೂ ಹೇಳ್ತಿದ್ದಾರಾ? ಸ್ವಲ್ಪ ತಡೆಯಿರಿ.

ಎಂಟು ಲಕ್ಷ ಸಾಲಕ್ಕೆ ಶೇ 9ರ ಬಡ್ಡಿಯಲ್ಲಿ ಹತ್ತು ವರ್ಷ ತಿಂಗಳಿಗೆ ಸುಮಾರು 10,130 ರೂಪಾಯಿ ಕಂತು. ಒಟ್ಟು 12 ಲಕ್ಷ ದಾಟುತ್ತೆ. ಖಾಲಿ ಸೈಟು ಬಾಡಿಗೆ ತರೋಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಸಂಡೂರಿನ ಲಾರಿಗಳು ನಿಂತವು, ಸಾಲದ ಕಂತು ನಿಲ್ಲಲಿಲ್ಲ. ನೆನಪಿದೆಯಲ್ಲ?

ಸೈಟಿಗೆ ಉಳಿತಾಯದ ದುಡ್ಡು ಹಾಕಿ. ಸಾಲವನ್ನು ಬಾಡಿಗೆ ಬರುವ ಮನೆಗೆ ಮಾಡಿ ಅನ್ನೋದು ನನ್ನ ಅಭಿಪ್ರಾಯ. ಮುಂಗಡ ಕೊಡುವ ಮುನ್ನ ಎನ್‌ಎ ಆದೇಶ, ಲೇಔಟ್ ಅನುಮೋದನೆ, ಇಸಿ, ರೇರಾ ಸಂಖ್ಯೆ ಕೇಳಿ. ಹಂಪಿ ಕಡೆಯಾದರೆ ಪ್ರಾಧಿಕಾರದ ಕಟ್ಟಡ ನಿರ್ಬಂಧವನ್ನೂ ವಿಚಾರಿಸಿ.

ಅಷ್ಟಾದ ಮೇಲೂ ನಿಮ್ಮ ಬಂಗಾರವೇ ಹೋಗೋದಾದರೆ, ಪತ್ರದಲ್ಲಿ ನಿಮ್ಮ ಹೆಸರೂ ಇರಲಿ.